ಎಲ್ಲ ಹಿಮಕ್ಕೂ ಆಗುವ ಸ್ಕೀ

ನೌಕರಿಯಲ್ಲಿ ಕೆಲಸದಿಂದ ಯಾರೂ ಸಾಯಲ್ಲ, ಬಾಸಿನ ಹವ್ಯಾಸದಿಂದ ಸಾಯ್ತಾರೆ. ಡಾಟ್‌ಕಾಮ್ ಕಾಲದಲ್ಲಿ ಅಮೆರಿಕದ ರೆಡ್‌ವುಡ್ ಸಿಟಿಯ ಒಂದು ಪುಟ್ಟ ಕಂಪನಿಯಲ್ಲಿದ್ದಾಗ ನನಗೆ ಇಂಥ ಹವ್ಯಾಸಗಳು ಒಂದರ ಮೇಲೊಂದು ಗಂಟು ಬೀಳುತ್ತಲೇ ಇದ್ದವು.

ಆಗ ನನ್ನ ಗ್ರೀನ್ ಕಾರ್ಡಿನ ಕಾಗದ ಬಾಸಿನ ಸಹಿಗೆ ಕಾದು ಕೂತಿತ್ತು. ಈ ಕೆಲಸಕ್ಕೆ ಇವನಂಥವನು ಈ ದೇಶದಲ್ಲಿ ಇನ್ನೊಬ್ಬ ಸಿಗಲಿಲ್ಲ ಅಂತ ಅವನು ಬರೆದುಕೊಡಬೇಕು. ಕೊಡದಿದ್ದರೆ ವೀಸಾ ಮುಗಿದು ನಾನು, ಹೆಂಡತಿ, ಮಗಳು ಮೂವರೂ ಗಂಟುಮೂಟೆ ಕಟ್ಟಬೇಕು. ಕೇಳಿದಾಗೆಲ್ಲ ಆಸಾಮಿ, "ಅಂಥದ್ದು ನಿನ್ನಲ್ಲೇನಿದೆ ಅಂತ ಯೋಚಿಸ್ತಿದೀನಿ. ಶನಿವಾರ ಟಾಹೋ ಬೆಟ್ಟಕ್ಕೆ ಸ್ಕೀ ಮಾಡೋಕೆ ಬಾ, ಅಲ್ಲಿ ಮಾತಾಡೋಣ" ಅನ್ನೋನು.

೧. ಅಂಗಡಿ

ಬಾಸು ಹೇಳಿದ ಸ್ಕೀಯನ್ನೇ ಕೊಳ್ಳಲು ಹೋದೆ. ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ, ಹಿಂದೆ ಮುಂದೆ ಎರಡೂ ತುದಿ ಮೇಲಕ್ಕೆ ಬಾಗಿದ ಜೋಡಿ ಹಲಗೆ.

"ಇದು ಭಾರಿ ತುಂಟ ಸ್ಕೀ. ಗಟ್ಟಿ ಹಿಮ, ಪುಡಿ ಹಿಮ, ದಿಬ್ಬ, ಮರಗಳ ಸಂದಿ, ಎಲ್ಲಿ ಬೇಕಾದರೂ ಹೋಗುತ್ತೆ" ಅಂದ ಅಂಗಡಿಯವನು.

"ನಿಲ್ಲುತ್ತಾ?" ಅಂದೆ.

"ಅದು ನಿಮ್ಮ ಡಿಪಾರ್ಟ್‌ಮೆಂಟು" ಅಂದ. ನಮ್ಮ ಸೇಲ್ಸ್‌ನವರೂ ಗಿರಾಕಿಗಳಿಗೆ ನಮ್ಮ ಸಾಫ್ಟ್‌ವೇರಿನ ಬಗ್ಗೆ ಇದನ್ನೇ ಹೇಳುತ್ತಿದ್ದರು.

೨. ಪೂಜೆ

ಯೂನಿಯನ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿಗೆ ತಂದರೆ ನನ್ನ ಹೆಂಡತಿ ಬಿಡಬೇಕಲ್ಲ! ಮಂಡ್ಯದ ಹೆಣ್ಣು. "ರೀ, ಹೊಸ ಗಾಡಿ ಇದ್ದಂಗೆ. ಪೂಜೆ ಮಾಡ್ದೆ ಬೆಟ್ಟಕ್ಕೆ ತಗೊಂಡ್ ಹೋಗ್ಬೇಡಿ."

ಅರಿಶಿನ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಒಂದೊಂದರ ಕೆಳಗೂ ಒಂದೊಂದು ನಿಂಬೆಹಣ್ಣಿಟ್ಟು, "ಹತ್ತಿ ನಿಂತ್ಕೊಳ್ಳಿ" ಅಂದಳು. ಬೂಟು ಸಿಕ್ಕಿಸಿ ನಿಂತೆ. ನಿಂಬೆಹಣ್ಣು ಒಡೆಯಲಿಲ್ಲ, ಉರುಳಿತು. ನಾನು ಕಾರ್ಪೆಟ್ಟಿನ ಮೇಲೆ ಅಂಗಾತ.

ಮಗಳು ಟೀವಿಯಿಂದ ಕಣ್ಣು ಕೀಳದೆ, "ಡ್ಯಾಡಿ, ದೇರ್ ಈಸ್ ನೋ ಸ್ನೋ ಹಿಯರ್" ಅಂದಳು.

೩. ಬೆಟ್ಟ

ತುಂಟ ಅಂದದ್ದು ಸುಳ್ಳಲ್ಲ. ಬೆಳಿಗ್ಗೆ ಕಲ್ಲಾಗಿದ್ದ ಹಿಮದ ಮೇಲೆ ಅದರ ತುದಿಗಳು ಗಡಗಡ ಅದುರಿದವು, ಜೊತೆಗೆ ನನ್ನ ಹಲ್ಲೂ. ಮರಗಳ ಮಧ್ಯೆ ಪುಡಿ ಹಿಮದಲ್ಲಿ ಸ್ಕೀ ತೇಲಿತು, ನಾನು ಮುಳುಗಿದೆ. ದಿಬ್ಬಗಳಲ್ಲಿ ನಾನು ಎಡಕ್ಕೆ ಅಂದುಕೊಳ್ಳುವಷ್ಟರಲ್ಲಿ ಅದು ಎಡಕ್ಕೂ ತಿರುಗಿ ಬಲಕ್ಕೂ ತಿರುಗಿ ಆಗಿತ್ತು. ಮಧ್ಯಾಹ್ನ ಹಿಮ ಕರಗಿ ಅಂಬಲಿಯಾದ ಮೇಲೆ ಮಾತ್ರ ನಮ್ಮಿಬ್ಬರಿಗೂ ಹೊಂದಾಣಿಕೆಯಾಯಿತು. ನಿಧಾನವಾಗಿ, ಒಟ್ಟಿಗೇ ಬಿದ್ದೆವು.

ಬಾಸು ನನ್ನನ್ನು ಎಬ್ಬಿಸುತ್ತಾ, "ಇದನ್ನ ಬೀಳೋದು ಅನ್ಬಾರ್ದು, ಹೂಡಿಕೆ ಅನ್ಬೇಕು. ನಮ್ಮ ಕಂಪನಿ ನಷ್ಟದಲ್ಲಿರೋದೂ ಹೀಗೇನೇ" ಅಂದ.

೪. ಸಹಿ

ಕೊನೆಯ ಸಲ ಮೇಲಕ್ಕೆ ಹೋಗುವಾಗ ತಂತಿಗೆ ತೂಗುಬಿದ್ದ ಲಿಫ್ಟಿನ ಕುರ್ಚಿಯಲ್ಲಿ ಪಕ್ಕಪಕ್ಕ ಕೂತಿದ್ದೆವು. ಮಾನ ಮರ್ಯಾದೆ ಬಿಟ್ಟು ಜಾಕೆಟ್ಟಿನಿಂದ ಕಾಗದ, ಪೆನ್ನು ತೆಗೆದೆ.

"ಒಂದ್ಸಲವೂ ಬೀಳದೆ ಕೆಳಗೆ ಬಾ, ಅಲ್ಲೇ ಸಹಿ ಹಾಕ್ತೀನಿ" ಅಂದ.

ಕಾಗದ, ಪೆನ್ನು ಮತ್ತೆ ಜಾಕೆಟ್ಟಿಗೆ ತುರುಕಿದೆ. ತುದಿಯಲ್ಲಿ ಇಳಿದು, ಇಳಿಜಾರಿಗೆ ಬೆನ್ನು ಹಾಕಿ ಅವನ ಕಡೆ ತಿರುಗಿ, "ಮಾತು ತಪ್ಪಲ್ಲ ತಾನೇ?" ಅಂತ ಕೇಳಿದೆ. ಅಷ್ಟರಲ್ಲಿ ಸ್ಕೀ ಹೊರಟೇಬಿಟ್ಟಿತು, ಹಿಂದು ಮುಂದಾಗಿ!

ಕೈಯಲ್ಲಿದ್ದ ಊರುಗೋಲುಗಳು ಎಲ್ಲೋ ಬಿದ್ದವು. ಎರಡೂ ಕೈ ತಾವಾಗಿಯೇ ಜೋಡಿಸಿಕೊಂಡವು. "ತಾಯಿ ಚಾಮುಂಡಿ, ಕಾಪಾಡವ್ವ!" ಅಂತ ಕಣ್ಣು ಮುಚ್ಚಿದೆ. ಯಾರೋ ಕಿರುಚಿದರು, ಯಾರೋ ದಾರಿ ಬಿಟ್ಟರು, ಆಮೇಲೆ ಚಪ್ಪಾಳೆ ಕೇಳಿಸಿತು. ಕಣ್ಣು ಬಿಟ್ಟರೆ ಬೆಟ್ಟದ ಬುಡದಲ್ಲಿ ನೆಟ್ಟಗೆ ನಿಂತಿದ್ದೇನೆ.

ಹಿಂದೆಯೇ ಬಂದ ಬಾಸು ನನ್ನ ಜಾಕೆಟ್ಟಿನಿಂದ ಕಾಗದ, ಪೆನ್ನು ಕಿತ್ತುಕೊಂಡು ನನ್ನ ಬೆನ್ನ ಮೇಲಿಟ್ಟುಕೊಂಡೇ ಸಹಿ ಜಡಿದ.

"ಮೂರು ತಿಂಗಳಿಂದ ಸುಳ್ಳು ಬರೆಯೋದು ಹೇಗಪ್ಪಾ ಅಂತ ಒದ್ದಾಡ್ತಿದ್ದೆ" ಅಂದ. "ಕಣ್ಣು ಮುಚ್ಚಿ, ಕೈ ಮುಗಿದು, ಹಿಂದುಹಿಂದಕ್ಕೆ ಬೆಟ್ಟ ಇಳಿಯೋ ಇನ್ನೊಬ್ಬ ಈ ದೇಶದಲ್ಲಿ ನಿಜವಾಗ್ಲೂ ಸಿಗಲ್ಲ!"