ಸದನ ಎಂಬ ಟಿಕೆಟ್ ಇಲ್ಲದ ಪ್ರಯಾಣಿಕ

ಮೂವತ್ತೊಂದು ವರ್ಷ ಮುಂಬಯಿಯ ಲೋಕಲ್‌ಗಳಲ್ಲಿ ಟಿಕೆಟ್ ತಪಾಸಣೆ ಮಾಡಿದವನು ನಾನು. ಮನುಷ್ಯ ಬಾಗಿಲ ಬಳಿ ನಿಂತ ರೀತಿ ನೋಡಿಯೇ ಅವನ ಕಿಸೆಯಲ್ಲಿ ಪಾಸ್ ಇದೆಯೋ ಇಲ್ಲವೋ ಹೇಳಬಲ್ಲೆ. ಗಾಡಿಯಲ್ಲಿ ನಿದ್ದೆ ಮಾಡುವವರನ್ನು ನಾನು ನಂಬುವುದಿಲ್ಲ. ಟಿಸಿ ಹತ್ತಿದಾಗ ಕಣ್ಣು ಮುಚ್ಚಿ, ಕುರ್ಲಾದಲ್ಲಿ ಅವನು ಇಳಿದ ಮೇಲೆ ತೆರೆಯುವವರನ್ನಂತೂ ಸುತರಾಂ ನಂಬುವುದಿಲ್ಲ. ನಿವೃತ್ತನಾಗಿ ಆರು ವರ್ಷವಾಯಿತು. ಕರಿ ಕೋಟು ಕಪಾಟು ಸೇರಿದೆ. ಅನುಮಾನ ಮಾತ್ರ ಇನ್ನೂ ಸೇವೆಯಲ್ಲಿದೆ. ದಿನಾ ಬೆಳಿಗ್ಗೆ ಹಾಲಿನ ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ನೋಡಿಯೇ ಒಳಗೆ ತರುತ್ತೇನೆ. ಏನು ಕಾಣುತ್ತದೆ ಎಂದು ಮಾತ್ರ ಕೇಳಬೇಡಿ.

ನಾವಿರುವುದು ಮುಲುಂಡಿನ ‘ಪಾರಿಜಾತ ಸದನ’ದ ಮೂರನೆಯ ಮಹಡಿಯಲ್ಲಿ. ಬಿಲ್ಡಿಂಗಿನವರಿಗೆಲ್ಲ ನಾನು ‘ಟಿಸಿ ಕಾಕಾ’. ಮಗಳಿಗೆ ‘ಅಪ್ಪಾ’. ಹೆಂಡತಿ ಗಿರಿಜಾಳಿಗೆ ‘ಏನ್ರೀ’. ಧಾರವಾಡದ ಹಳೇ ಪದ್ಧತಿಯ ಮನೆಯಿಂದ ಬಂದವಳು, ಗಂಡನ ಹೆಸರು ಬಾಯಲ್ಲಿ ತೆಗೆಯುವುದಿಲ್ಲ. ಮದುವೆಯ ದಿನ ಹೆಂಗಸರೆಲ್ಲ ಬಾಗಿಲು ತಡೆದು ‘ಹೆಸರು ಹೇಳಿದರ ಒಳಗ’ ಎಂದು ಹಟ ಹಿಡಿದಾಗ ಹೆಸರು ಸೇರಿಸಿ ಪ್ರಾಸದ ಒಡಪು ಕಟ್ಟಿ ಒಮ್ಮೆ ಹೇಳಿದ್ದಳು, ಅಷ್ಟೇ. ಬ್ಯಾಂಕಿನವರು “ಪತಿ ಕಾ ನಾಮ್?” ಎಂದರೆ ಬೆರಳು ಮಾಡಿ ನನ್ನನ್ನು ತೋರಿಸುತ್ತಾಳೆ, ನಾನು ಆಧಾರ್ ಕಾರ್ಡ್ ತೆಗೆದು ತೋರಿಸುತ್ತೇನೆ. ಹೀಗಾಗಿ ನನಗೂ ಒಂದು ಹೆಸರಿದೆ ಎಂಬುದು ಪಿಂಚಣಿಯ ಕಾಗದ ಬಂದಾಗ ಮಾತ್ರ ನೆನಪಾಗುತ್ತದೆ.

ಮೊನ್ನೆ ಬುಧವಾರ ಗಿರಿಜಾ ಕಂಪ್ಯೂಟರಿನ ಮುಂದೆ ಕೂತು ಮುಖ ಸಪ್ಪೆ ಮಾಡಿಕೊಂಡಳು.

“ಏನ್ರೀ, ಅವ್ವನ ಹಾಡು ನಡುವ ನಡುವ ನಿಲ್ಲಲಿಕ್ಕೆ ಹತ್ತ್ಯಾವ. ರವಿವಾರ ಕುಬಸದಾಗ ಹಿಂಗ ನಿಂತರ ಏನ್ ಮಾಡೂದು?”

ಇದು ಸಣ್ಣ ಮಾತಲ್ಲ. ಚೆಂಬೂರಿನಲ್ಲಿರುವ ನಮ್ಮ ಮಗಳು ವಿದ್ಯಾಳಿಗೆ ಈಗ ಏಳು ತಿಂಗಳು. ರವಿವಾರ ನಮ್ಮ ಬಿಲ್ಡಿಂಗಿನ ಸೊಸೈಟಿಯ ಹಾಲ್‌ನಲ್ಲಿ ಅವಳ ಕುಬಸ, ಅಂದರೆ ಸೀಮಂತ. ಮೊದಲ ಮೊಮ್ಮಗಳ ಕುಬಸಕ್ಕೆ ತಾನೇ ಹಾಡಬೇಕೆಂದು ನನ್ನ ಅತ್ತೆಗೆ ಬಹಳ ಆಸೆಯಿತ್ತು. ಅವರು ತೀರಿಕೊಂಡು ಮೂರು ವರ್ಷವಾಯಿತು. ಅದಕ್ಕೂ ಮೊದಲು, ನಾನಿನ್ನೂ ನೌಕರಿಯಲ್ಲಿದ್ದ ಕಾಲದಲ್ಲಿ, ಒಮ್ಮೆ ನಮ್ಮಲ್ಲಿ ಬಂದಿದ್ದಾಗ ವಿದ್ಯಾ ಅಜ್ಜಿಯ ಕುಬಸದ ಹಾಡುಗಳನ್ನು ಫೋನಿನಲ್ಲಿ ತುಂಬಿಕೊಂಡು, ಕಂಪ್ಯೂಟರಿಗೂ ಹಾಕಿದ್ದಳು. ಫೋನು ಆಮೇಲೆ ಕುರ್ಲಾದ ನೂಕುನುಗ್ಗಲಿನಲ್ಲಿ ಹೋಯಿತು. ಉಳಿದದ್ದು ಕಂಪ್ಯೂಟರಿನಲ್ಲಿದ್ದದ್ದು ಮಾತ್ರ. ಪರದೆಯ ಮೇಲೆ ‘ಅವ್ವ’ ಎಂಬ ಚಿತ್ರ, ಅದನ್ನು ಎರಡು ಸಲ ಒತ್ತಿದರೆ ಅತ್ತೆಯ ದನಿ. ಗಿರಿಜಾ ದಿನಾ ಮಧ್ಯಾಹ್ನ ಒಮ್ಮೆ ಒತ್ತುತ್ತಾಳೆ.

“ಚಿಂತೀ ಮಾಡಬ್ಯಾಡ. ನಾ ಇದ್ದೀನಲ್ಲ!” ಎಂದೆ.

“ಅದಕ್ಕ ಚಿಂತೀ. ವಿದ್ಯಾ ಬರೂತನಕಾ ನೀವು ಮುಟ್ಟಬ್ಯಾಡ್ರಿ.”

ಇಂಥ ಅಪನಂಬಿಕೆ ಗಂಡಸಿಗೆ ಹುರುಪು ಕೊಡುತ್ತದೆ. ಅವಳು ಅಡಿಗೆಮನೆಗೆ ಹೋದದ್ದೇ ತಡ, ತಪಾಸಣೆ ಆರಂಭಿಸಿದೆ. ಕಂಪ್ಯೂಟರಿನ ಹೊಟ್ಟೆ ತುಂಬಿ ಕೆಂಪು ಪಟ್ಟಿ ಬಂದಿತ್ತು. ಫೋನಿನಲ್ಲಿ ಹುಡುಕಿದರೆ ಉಪಾಯ ಸಿಕ್ಕಿತು: ಬಳಸುವ ಒಬ್ಬೊಬ್ಬರಿಗೂ ಕಂಪ್ಯೂಟರ್ ‘ಪ್ರೊಫೈಲ್’ ಎಂಬ ಒಂದೊಂದು ಕೋಣೆ ಕೊಡುತ್ತದೆ. ಮನುಷ್ಯ ಹೋದರೂ ಕೋಣೆ ಉಳಿದು ಜಾಗ ತಿನ್ನುತ್ತದೆ. ಅಂಥವನ್ನು ಸುರಕ್ಷಿತವಾಗಿ ತೆಗೆದುಹಾಕಿ!

ಬಳಕೆದಾರರ ಪಟ್ಟಿ ತೆರೆದೆ. ನಮ್ಮ ಮನೆಯಲ್ಲಿರುವುದು ಇಬ್ಬರು. ಪಟ್ಟಿಯಲ್ಲಿದ್ದವರು ಮೂವರು!

ಮೊದಲನೆಯದು ‘ಹೋಮ್’. ಅದು ನಾವು. ಎರಡನೆಯದು ‘ಪಬ್ಲಿಕ್’. ಪಬ್ಲಿಕ್ಕಿಗೆ ನನ್ನ ಮನೆಯಲ್ಲೇನು ಕೆಲಸ ಎಂದು ಸಿಟ್ಟು ಬಂತು. ಆದರೆ ಪಬ್ಲಿಕ್ಕನ್ನು ಕೆಳಗಿಳಿಸಲು ಹೋದರೆ ಏನಾಗುತ್ತದೆಂಬುದು ಮೂವತ್ತೊಂದು ವರ್ಷ ಕಂಡವನಿಗೆ ಗೊತ್ತು, ಸುಮ್ಮನೆ ಬಿಟ್ಟೆ. ಮೂರನೆಯದರಲ್ಲಿ ಇಂಗ್ಲಿಷಿನ ಐದೇ ಅಕ್ಷರ. ‘ಸದನ್’.

“ಈ ಸದನ ಯಾರ?” ಎಂದು ಕೂಗಿದೆ.

“ನಾವ ಇರೂದು ಸದನದಾಗ ಅಲ್ಲೇನ್ರೀ?” ಎಂದಳು ಗಿರಿಜಾ, ಒಗ್ಗರಣೆಯ ಸದ್ದಿನ ಮಧ್ಯೆ.

ತಟ್ಟನೆ ಹೊಳೆಯಿತು. ಪಾರಿಜಾತ ಸದನ! ಸೊಸೈಟಿ! ಹದಿನೈದು ದಿನದ ಹಿಂದೆ ನಮ್ಮ ಸೆಕ್ರೆಟರಿ ಸಾವರ್ಡೇಕರ್ “ಕಾಕಾ, ಪ್ರಿಂಟರ್ ಕೆಟ್ಟಿದೆ” ಎಂದು ನೋಟಿಸಿನ ಪ್ರಿಂಟ್ ತೆಗೆಯಲು ಬಂದಿದ್ದ. ನಾನು ಸ್ನಾನಕ್ಕೆ ಹೋಗಿದ್ದೆ. ಸ್ನಾನ ಮುಗಿಸಿ ಬಂದಾಗಲೂ ಅವನು ಕಂಪ್ಯೂಟರಿನ ಮುಂದೆಯೇ ಇದ್ದ. ಒಂದು ಹಾಳೆಯ ನೋಟಿಸಿಗೆ ಅಷ್ಟು ಹೊತ್ತೇ? ಸೊಸೈಟಿಯ ಹೆಸರಿನಲ್ಲಿ ನನ್ನ ಕಂಪ್ಯೂಟರಿನಲ್ಲಿ ಕೋಣೆ ಮಾಡಿಕೊಂಡು ಕೂತಿದ್ದಾನೆ, ಅದೂ ಬಾಡಿಗೆಯಿಲ್ಲದೆ!

ವಿದ್ಯಾಳಿಗೆ ಫೋನು ಮಾಡಿದೆ. ಅವಳು ಡಾಕ್ಟರ ಬಳಿ ಸರದಿಯಲ್ಲಿ ಕೂತಿದ್ದಳು.

“ನಮ್ಮ ಕಂಪ್ಯೂಟರಿನಾಗ ಒಬ್ಬಾಂವ ಸೇರಿಕೊಂಡಾನ.”

“ಯಾರು? ಏನು ಹೆಸರು?”

“ಫೋನಿನಾಗ ಹೇಳೂದಿಲ್ಲ. ಯಾರರ ಕೇಳತಿರತಾರ.”

“ಅಪ್ಪಾ, ಪ್ಲೀಸ್, ಕುಛ್ ಭೀ ಡಿಲೀಟ್ ಮತ್ ಕರೋ, ಏನೂ ಅಳಿಸ್ಬೇಡಿ. ನಾನು ಸಂಡೇ ಬಂದು ನೋಡ್ತೀನಿ ನಾ. ಮಾಡಲೇಬೇಕು ಅಂದ್ರೆ ಪೆಹಲೇ ಬ್ಯಾಕಪ್...” ಅಷ್ಟರಲ್ಲಿ ಅವಳನ್ನು ಒಳಗೆ ಕರೆದರು. ಹೆಸರೊಂದನ್ನು ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನಾನು ಜಾಣ!

ಆರೋಪಿಯನ್ನು ವಿಚಾರಿಸದೆ ದಂಡ ಹಾಕುವ ಪೈಕಿ ನಾನಲ್ಲ. ಕೆಳಗಿಳಿದು ಗೇಟಿನ ಬಳಿ ಸಾವರ್ಡೇಕರನನ್ನು ಹಿಡಿದೆ. ಅವನ ಕಣ್ಣಲ್ಲಿ ಕಣ್ಣಿಟ್ಟು, ಈ ಸದನ ಯಾರದೆಂದು ಏನೂ ಅರಿಯದವನಂತೆ ಕೇಳಿದೆ: “ಏ ಸದನ್ ಕಿಸ್ಕಾ ಹೈ?”

ಅವನು ಬಿಲ್ಡಿಂಗಿನತ್ತ ಕೈ ತೋರಿಸಿ ನಕ್ಕ. “ಸದನ್? ಅಪ್ನಾ ಹೀ ತೋ ಹೈ ಕಾಕಾ!”

ನಮ್ಮದೇ ಅಂತೆ! ತಪ್ಪೊಪ್ಪಿಗೆ! ಅದೂ ನಗುನಗುತ್ತಾ! ನಾನು ತಿರುಗಿ ನಡೆದೆ. ಅವನು ಕಿಸೆಗೆ ಕೈ ಹಾಕಿ ಹಿಂದೆಯೇ ಬಂದ. “ಕಾಕಾ, ರುಕೋ, ಆಪ್‌ಕೋ ಏಕ್ ಚೀಜ್ ದೇನೀ ಹೈ.”

ಏನೋ ಕೊಡುತ್ತಾನಂತೆ! ಕಿಸೆಯಿಂದ! ಇಂಥ ಕಿಸೆಗಳನ್ನು ಎಷ್ಟು ನೋಡಿಲ್ಲ ನಾನು. “ಮೈ ಲೇತಾ ನಹೀಂ!” ಎಂದು ಗುಡುಗಿ ಮೆಟ್ಟಿಲು ಹತ್ತಿದೆ. ಅವನು ಕಿಸೆಯಲ್ಲಿ ಕೈಯಿಟ್ಟುಕೊಂಡೇ ಅಲ್ಲಿ ನಿಂತ. ಲಂಚ ನಿರಾಕರಿಸಿದ ಹೆಮ್ಮೆಯಲ್ಲಿ ಮೂರು ಮಹಡಿ ಹತ್ತಿದ್ದೇ ತಿಳಿಯಲಿಲ್ಲ.

ಇನ್ನು ಬ್ಯಾಕಪ್ಪು. ನಾನು ಅನುಮಾನದ ಮನುಷ್ಯನೇ ಹೊರತು ಅವಸರದವನಲ್ಲ. ಹೊಸ ಪೆನ್ ಡ್ರೈವ್ ತಂದು, ಪರದೆಯ ಮೇಲಿದ್ದ ‘ಅವ್ವ’ ಚಿತ್ರವನ್ನು ಅದಕ್ಕೆ ಕಾಪಿ ಮಾಡಿದೆ. ಅರ್ಧ ತಾಸಾದರೂ ಹಿಡಿಯಬಹುದೆಂದು ಚಹಾ ಮಾಡಿಸಿಕೊಂಡು ಕೂತರೆ, ಕಣ್ಣು ಮಿಟುಕಿಸುವುದರೊಳಗೆ ಮುಗಿದೇ ಹೋಯಿತು! ಹನ್ನೆರಡು ಹಾಡು, ಅರೆ ಕ್ಷಣ! ಜಗತ್ತಿನಲ್ಲಿ ಹಾಲಿನ ಪ್ಯಾಕೆಟ್ಟನ್ನೂ ಅನುಮಾನಿಸಿದ ನಾನು ಅದೊಂದನ್ನು ಮಾತ್ರ ಅನುಮಾನಿಸಲಿಲ್ಲ. ಚಿತ್ರದ ಮೂಲೆಯಲ್ಲಿ ಒಂದು ಸಣ್ಣ ಬಾಣದ ಗುರುತಿತ್ತು. ಅಲಂಕಾರಕ್ಕೆ ಇರಬೇಕು ಎಂದುಕೊಂಡೆ.

ಆಮೇಲೆ ‘ಸದನ್’ ಮೇಲೆ ಗುರಿಯಿಟ್ಟು ‘ಡಿಲೀಟ್’ ಒತ್ತಿದೆ. “ಖಚಿತವೇ?” ಎಂದು ಕೇಳಿತು. ನನ್ನನ್ನು! ಮೂವತ್ತೊಂದು ವರ್ಷದ ಅನುಭವವುಳ್ಳವನನ್ನು! ಖಚಿತ ಎಂದೆ. ಕೆಂಪು ಪಟ್ಟಿ ನೀಲಿಯಾಯಿತು. ಕರಿ ಕೋಟು ಹಾಕಿಕೊಂಡಷ್ಟು ಸಂತೋಷವಾಯಿತು.

ಸಂತೋಷ ಒಬ್ಬನಿಗೇ ತಡೆಯಲಿಲ್ಲ. ಬಿಲ್ಡಿಂಗಿನ ವಾಟ್ಸಾಪ್ ಗುಂಪಿಗೆ ಹಿಂದಿಯಲ್ಲಿ ಸಂದೇಶ ಬರೆದೆ. ತಾತ್ಪರ್ಯ ಇಷ್ಟು: ‘ಎಲ್ಲ ಸದಸ್ಯರ ಗಮನಕ್ಕೆ. ಅಕ್ರಮವಾಗಿ ನೆಲೆಸಿದ್ದ ಸದನವನ್ನು ಇಂದು ಸಂಜೆ ಶಾಶ್ವತವಾಗಿ ತೆಗೆದುಹಾಕಲಾಗಿದೆ. ಇದರ ಹಿಂದೆ ಯಾರಿದ್ದಾರೆಂದು ಸೆಕ್ರೆಟರಿಗೆ ಚೆನ್ನಾಗಿ ಗೊತ್ತು.’

ಐದು ನಿಮಿಷದಲ್ಲಿ ಇಡೀ ಬಿಲ್ಡಿಂಗಿನ ಬಾಗಿಲುಗಳು ತೆರೆದವು! ಕಟ್ಟಡ ಅಕ್ರಮವಂತೆ, ಕೆಡವುತ್ತಾರಂತೆ, ಸೆಕ್ರೆಟರಿ ಬಿಲ್ಡರನ ಜೊತೆ ಸೇರಿಕೊಂಡಿದ್ದಾನಂತೆ! ಕೆಳಗೆ ಸಾವರ್ಡೇಕರನ ಮನೆಯ ಮುಂದೆ ಜನ ಸೇರಿದ ಗದ್ದಲ ಮೇಲಕ್ಕೆ ಕೇಳಿಸಿತು. ತಪ್ಪು ಮಾಡಿದವನು ಅನುಭವಿಸಲಿ ಎಂದು ನಾನು ಬಾಗಿಲು ಹಾಕಿಕೊಂಡೆ.

“ಬಾ ಇಲ್ಲೆ, ಹಾಡು ಹಚ್ಚು! ನೋಡು ಹೆಂಗ ಓಡತಾವ!” ಎಂದು ಗಿರಿಜಾಳನ್ನು ಕರೆದೆ.

ಅವಳು ಕೈ ಒರೆಸಿಕೊಂಡು ಬಂದು ‘ಅವ್ವ’ ಮೇಲೆ ಎರಡು ಸಲ ಒತ್ತಿದಳು. ಹಾಡು ಬರಲಿಲ್ಲ. ಒಂದು ಚೌಕ ಬಂತು. ಇನ್ನೊಮ್ಮೆ ಒತ್ತಿದಳು. ಮತ್ತೆ ಅದೇ ಚೌಕ.

“ಹೆದರಬ್ಯಾಡ, ಬ್ಯಾಕಪ್ ಅದ!” ಎಂದು ಪೆನ್ ಡ್ರೈವ್ ಹಾಕಿ ಒತ್ತಿದೆ. ಅಲ್ಲೂ ಅದೇ ಚೌಕ! ನಾನು ಕಾಪಿ ಮಾಡಿದ್ದು ಹಾಡನ್ನಲ್ಲ. ಹಾಡು ಎಲ್ಲಿದೆ ಎಂದು ಬಾಣ ತೋರಿಸುವ ಬೋರ್ಡನ್ನು. ಪ್ಲಾಟ್‌ಫಾರ್ಮ್ ಕಿತ್ತುಹಾಕಿ ಬೋರ್ಡನ್ನು ಭದ್ರವಾಗಿ ಎತ್ತಿಟ್ಟಿದ್ದೆ.

ಗಿರಿಜಾ ಕನ್ನಡಕ ಏರಿಸಿಕೊಂಡು ಚೌಕದೊಳಗಿನ ಅಕ್ಷರಗಳನ್ನು ಓದಿದಳು. ಹಾಡು ಇದ್ದ ವಿಳಾಸ ಅದು. ಅದರ ನಡುವೆ ‘ಸದನ್’.

“ಇದನ್ನ ಅಳಿಸಿದ್ರೇನು?”

“ಹೌದು. ಅದು ಸೊಸೈಟಿಯವರದು...”

“ಮೊದಲ ಈ ಕಂಪ್ಯೂಟರ್ ತಂದಾಗ ವಿದ್ಯಾ ನಿಮ್ಮ ಈಮೇಲ್ ಹಾಕಿದ್ಳು. ಆ ಪಾಸ್‌ವರ್ಡ್ ನೀವು ಮರತ್ರಿ ಅಂತ ಆಮ್ಯಾಲೆ ‘ಹೋಮ್’ ಮಾಡಿಕೊಟ್ಳು. ಹೆಸರಿನಾಗ ಮೊದಲಿನ ಐದ ಅಕ್ಷರ ಅಷ್ಟ ತಗೋತದಂತ ಆವತ್ತ ಹೇಳಿದ್ಳು, ನೀವು ಆಕಳಿಸ್ತಿದ್ರಿ.” ಅವಳು ಕನ್ನಡಕ ತೆಗೆದಳು. “ನಮ್ಮವ್ವನ ಹಾಡು ಅದರಾಗ ಇತ್ತು. ಸದನ ಅಲ್ರೀ ಅದು. ಸದಾನಂದ! ಸದಾನಂದ! ಸದಾನಂದ! ನಿಮ್ಮ ಹೆಸರು ನಿಮಗ ಗೊತ್ತಿಲ್ಲೇನು?”

ಮೂವತ್ನಾಲ್ಕು ವರ್ಷದ ಸಂಸಾರದಲ್ಲಿ ಒಡಪಿಲ್ಲದೆ ನನ್ನ ಹೆಸರು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಅದೂ ಮೂರು ಸಲ! ಹೇಳಿದವಳೂ ಬೆಚ್ಚಿದಳು, ಕೇಳಿದ ನಾನೂ ಬೆಚ್ಚಿದೆ. ಆಮೇಲೆ ಅವಳು ಕುರ್ಚಿಯಲ್ಲಿ ಕೂತು ಸೆರಗಿನಿಂದ ಕಣ್ಣೊತ್ತಿಕೊಂಡಳು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಭಯವಾಯಿತು. ಸತ್ತವರ ದನಿಯನ್ನು ಎಲ್ಲಿಂದ ತರುವುದು?

ಅವಳೇ ತಲೆಯೆತ್ತಿದಳು. “ಸೊಸೈಟಿ ಹಾಲ್‌ನ ಸ್ಪೀಕರಿನಾಗ ಬರತಾವೇನು ನೋಡ್ರಿ ಅಂತ ಸಾವರ್ಡೇಕರ್ ಅವರಿಗೆ ಅವತ್ತ ಪೆನ್ ಡ್ರೈವಿನಾಗ ಹಾಕಿಸಿ ಕೊಟ್ಟಿದ್ದೆ. ನೀವು ಜಳಕಕ್ಕ ಹೋಗಿದ್ರಿ. ಇಟ್ಟಾರೋ, ಅಳಿಸ್ಯಾರೋ... ಹೋಗಿ ಕೇಳ್ರಿ.”

ಸಾವರ್ಡೇಕರ್! ಕಿಸೆಯಿಂದ ಅವನು ಕೊಡಲು ಬಂದದ್ದು ಏನೆಂದು ಆಗ ಹೊಳೆಯಿತು.

ಮೂರು ಮಹಡಿಯನ್ನು ಟಿಕೆಟ್ ಇಲ್ಲದವನ ಹಾಗೆ ಗೋಡೆಗೆ ಅಂಟಿಕೊಂಡು ಇಳಿದೆ. ಅವನ ಬಾಗಿಲಲ್ಲಿ ಅರ್ಧ ಬಿಲ್ಡಿಂಗ್ ನಿಂತಿತ್ತು. ನನ್ನನ್ನು ಕಂಡು ಎಲ್ಲರೂ ದಾರಿ ಬಿಟ್ಟರು. ಬೆವರು ಒರೆಸಿಕೊಳ್ಳುತ್ತಿದ್ದ ಸಾವರ್ಡೇಕರ್, ತಾನು ಮಾಡಿದ್ದಾದರೂ ಏನೆಂದು ಕೈ ಮುಗಿದ. “ಕಾಕಾ, ಮೈನೇ ಕಿಯಾ ಕ್ಯಾ ಹೈ?”

ಎಲ್ಲರೆದುರೇ ಹೇಳಿದೆ. ಸದನ ಎಂದರೆ ಬಿಲ್ಡಿಂಗ್ ಅಲ್ಲ, ನಾನು. ಅಕ್ರಮವಾಗಿ ನೆಲೆಸಿದ್ದವನೂ ನಾನೇ, ತೆಗೆದುಹಾಕಿದವನೂ ನಾನೇ. ಯಾರೋ ಮೊದಲು ಮೂಗಿನಲ್ಲಿ ನಕ್ಕರು. ಆಮೇಲೆ ಇಡೀ ಮೆಟ್ಟಿಲು ನಕ್ಕಿತು. ಸಾವರ್ಡೇಕರ್ ಮಾತ್ರ ನಗಲಿಲ್ಲ. ಕಿಸೆಗೆ ಕೈ ಹಾಕಿ ಪೆನ್ ಡ್ರೈವ್ ತೆಗೆದು ನನ್ನ ಅಂಗೈಯಲ್ಲಿಟ್ಟ. “ಬಾರಾ ಗಾನೇ ಹೈಂ ಕಾಕಾ. ಅಬ್ ತೋ ಲೇಂಗೇ?” ಹನ್ನೆರಡೂ ಹಾಡು! ಈಗಲಾದರೂ ತೆಗೆದುಕೊಳ್ಳುತ್ತೀರಾ ಎಂದವನಿಂದ ಎರಡೂ ಕೈಯಲ್ಲಿ ತೆಗೆದುಕೊಂಡೆ.

ರವಿವಾರ ಕುಬಸದಲ್ಲಿ ಅತ್ತೆಯ ದನಿ ಇಡೀ ಹಾಲ್ ತುಂಬಿತು. ಹಸಿರು ಸೀರೆಯುಟ್ಟ ವಿದ್ಯಾ ನಗುತ್ತಲೇ ಅತ್ತಳು. ಗಿರಿಜಾ ಅವಳ ಕೈ ಹಿಡಿದು ಕೂತಿದ್ದಳು. ಸ್ಪೀಕರಿನ ಗುಂಡಿಯ ಬಳಿ ಸಾವರ್ಡೇಕರ್ ಕಾವಲು ನಿಂತಿದ್ದ, ನಾನು ಆ ಕಡೆ ಸುಳಿಯದಂತೆ. ಹನ್ನೆರಡನೆಯ ಹಾಡು ಮುಗಿದ ಮೇಲೂ ರೆಕಾರ್ಡು ನಿಲ್ಲಲಿಲ್ಲ. “ಗಿರಿಜಾ, ಅಳಿಯಂದಿರು ಡ್ಯೂಟಿಗೆ ಹೋಗ್ಯಾರ. ಒಮ್ಮೆ ಹೆಸರು ಹೇಳವ್ವಾ” ಎಂದಿತು ಅತ್ತೆಯ ದನಿ. ಗಿರಿಜಾ “ಬಂದ್ ಮಾಡ್ರಿ, ಬಂದ್ ಮಾಡ್ರಿ” ಎಂದು ಎದ್ದಳು. ಅಷ್ಟರಲ್ಲಿ ಅವಳದೇ ದನಿ, ನಗು ತಡೆಯಲಾರದೆ, ಸ್ಪೀಕರಿನಿಂದ ಬಂತು:

“ಮಲ್ಲಿಗಿ ಮುಡಿದರ ಮನಿಯೆಲ್ಲಾ ಸುಗಂಧ,
ಮೂಸಿ ನೋಡದ ಚಹಾನೂ ಕುಡಿಯೂದಿಲ್ಲ ನಮ್ಮ ಸದಾನಂದ!”

ಕನ್ನಡ ಬಾರದವರಿಗೂ ಹೆಸರು ಅರ್ಥವಾಯಿತು. ಅವತ್ತಿನಿಂದ ಬಿಲ್ಡಿಂಗಿನಲ್ಲಿ ಟಿಸಿ ಕಾಕಾ ಹೋಗಿ ‘ಸದನ್ ಕಾಕಾ’ ಬಂದಿದ್ದಾನೆ.

ವಿದ್ಯಾ ಹೋಗುವ ಮೊದಲು ಕಂಪ್ಯೂಟರಿಗೆ ಹೊಸ ವ್ಯವಸ್ಥೆ ಮಾಡಿದಳು. ಈಗ ಅದರ ಒಡತಿ ಗಿರಿಜಾ. ಹಾಡುಗಳೆಲ್ಲ ಅವಳ ಪ್ರೊಫೈಲಿನಲ್ಲಿವೆ, ಪಾಸ್‌ವರ್ಡ್ ಅವಳಿಗೆ ಮಾತ್ರ ಗೊತ್ತು. ಕೇಳಿದರೆ ಬಾಯಿ ಬಿಡುವುದಿಲ್ಲ. ನನ್ನ ಅನುಮಾನ ಮತ್ತೆ ಕೆಲಸಕ್ಕೆ ಹಾಜರಾಯಿತು. ಅವಳು ಬಾಯಿಬಿಟ್ಟು ಹೇಳದ ಮಾತು ಈ ಮನೆಯಲ್ಲಿ ಒಂದೇ ಒಂದು ತಾನೆ? ನಿನ್ನೆ ಅವಳು ಕಾಯಿಪಲ್ಯ ತರಲು ಹೋದಾಗ ಮೆಲ್ಲನೆ ಕೂತು ‘ಸದಾನಂದ’ ಎಂದು ಒತ್ತಿದೆ. ತಪ್ಪು ಎಂದಿತು. ಐದೇ ಅಕ್ಷರ ಒತ್ತಿದೆ. ಅದೂ ತಪ್ಪು. ಆಗ ಪರದೆಯ ಕೆಳಗೆ, ಮರೆತವರ ಅನುಕೂಲಕ್ಕಾಗಿ ಗಿರಿಜಾ ಬರೆಸಿಟ್ಟಿದ್ದ ಸುಳಿವು ಮೂಡಿತು:

‘ನಿಮ್ಮ ಹೆಸರಲ್ರೀ. ಎದ್ದು ಆ ಕಡೆ ಹೋಗ್ರಿ.’