ಅಟ್ಟದ ಮೇಲಿನ ಅರ್ಧ ಹಾಡು

ನಮ್ಮ ದೊಡ್ಡ ಮಾವನ ದೆಸೆಯಿಂದ ನಮ್ಮ ಬಂಧುಬಳಗದಲ್ಲಿ ಯಾರೂ ಈವರೆಗೆ ಒಂದು ಹಾಡಿನ ಚರಣ ಕೇಳಿಲ್ಲ ಎಂದರೆ ನೀವು ನಂಬಬೇಕು! ಪಲ್ಲವಿ ಮುಗಿಯುವುದೇ ತಡ, ಮಾವ ಮೊಬೈಲ್ ಒತ್ತಿ ಹಾಡು ನಿಲ್ಲಿಸುತ್ತಾನೆ. "ಈ ಹಾಡು ಬಂದಾಗ ಏನಾಯ್ತು ಗೊತ್ತೇನ್ಲಾ ಅಳಿಯ?" ಎಂದು ಶುರುಮಾಡಿದನೆಂದರೆ ಹೊನ್ನವಳ್ಳಿಯಲ್ಲಿ ಹತ್ತಿದ ಬಸ್ಸು ತಿಪಟೂರು ಮುಟ್ಟಿದರೂ ಕತೆ ಮುಗಿಯುವುದಿಲ್ಲ.

ನನ್ನ ತಂಗಿಯ ನಿಶ್ಚಿತಾರ್ಥದಲ್ಲಿ ಸ್ಪೀಕರ್ ಉಸ್ತುವಾರಿ ಇವನಿಗೆ ಕೊಟ್ಟರು. ಕೊಡಬಹುದೇ? ಆರತಿ ಹೊತ್ತಿಗೆ ಹಾಡು ನಿಲ್ಲಿಸಿ ನೆನಪು ಬಿಚ್ಚಿದ. ತಟ್ಟೆ ಹಿಡಿದ ಹೆಂಗಸರ ಕೈ ಸೋತಿತು, ಕರ್ಪೂರ ಆರಿತು, ಮಾವನ ಬಾಯಿ ಮಾತ್ರ ಸೋಲಲಿಲ್ಲ.

"ಮದ್ವೆ ಆದಾಗ್ನಿಂದ ನಂಗೊಂದು ಹಾಡು ಪೂರ್ತಿ ಕೇಳ್ಸಿಲ್ಲ ಕಣಪ್ಪ" ಎನ್ನುತ್ತಾಳೆ ಅತ್ತೆ. "ಈಗ ಕನಸೂ ಅರ್ಧಕ್ಕೇ ನಿಂತೋಯ್ತದೆ."

ಇಷ್ಟಾದರೆ ಸಹಿಸಬಹುದಿತ್ತು. ಹೋದ ವರ್ಷದಿಂದ ಮಾವ ತೆಂಗಿನಕಾಯಿಗಳಿಗೆ ಹಾಡು ಕೇಳಿಸಲು ಶುರುಮಾಡಿದ! ನಮ್ಮ ಕಡೆ ಕಾಯಿಯನ್ನು ಅಟ್ಟದ ಮೇಲೆ ಹರಡಿ ವರ್ಷಗಟ್ಟಲೆ ಬಿಡುತ್ತಾರೆ. ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಕೊಬ್ಬರಿಯಾಗುತ್ತದೆ. ಬೇಕಾದದ್ದು ತಾಳ್ಮೆ ಮಾತ್ರ. ಮಾವ ಅದಕ್ಕೆ ಸಂಗೀತವನ್ನೂ ಸೇರಿಸಿದ. ದಿನಾ ಸಂಜೆ ಏಣಿ ಹತ್ತಿ, ಸ್ಪೀಕರ್ ಇಟ್ಟು, ಪಲ್ಲವಿ ಹಾಕಿ, ನಿಲ್ಲಿಸಿ, ಕಾಯಿಗಳಿಗೆ ಕತೆ ಹೇಳಿ ಇಳಿದು ಬರುತ್ತಾನೆ. ಕೇಳಿದರೆ, "ಹಾಡು ಕೇಳಿದ್ ಕಾಯಿ ಬೇಗ ಕೊಬ್ಬರಿ ಆಗ್ತದೆ ಕಣ್ಲಾ" ಎಂಬ ಉತ್ತರ. ಪಾಪ, ಎದ್ದು ಓಡಿಹೋಗದ ಶ್ರೋತೃಗಳು ಅವನಿಗೆ ಮೊದಲ ಸಲ ಸಿಕ್ಕಿದ್ದರು.

ಇಲ್ಲಿ ಮನೆಯ ವಿಷಯ ಸ್ವಲ್ಪ ಹೇಳಬೇಕು. ಇವನೂ ತಮ್ಮನೂ, ಅಂದರೆ ನಮ್ಮ ಚಿಕ್ಕ ಮಾವ, ಭಾಗವಾದಾಗ ತೋಟ, ಬೋರ್‌ವೆಲ್, ಎಮ್ಮೆ ಎಲ್ಲ ಸಲೀಸಾಗಿ ಹಂಚಿಹೋದವು. ಜಗಳ ಹತ್ತಿದ್ದು ತಾತನ ರೇಡಿಯೋಗೆ. ಅದು ಚಿಕ್ಕ ಮಾವನ ಪಾಲಾಯಿತು, ಮಾತು ನಿಂತಿತು, ಮನೆ ನಡುವೆ ಗೋಡೆ ಎದ್ದಿತು. ಕಾಯಿಗೆ ಗಾಳಿ ಆಡಬೇಕಲ್ಲ, ಹಾಗಾಗಿ ಅಟ್ಟಕ್ಕೆ ಮಾತ್ರ ಗೋಡೆ ಹಾಕಲಿಲ್ಲ. ಆಮೇಲೆ ಅದೆಷ್ಟು ಹಬ್ಬಗಳು ಬಂದು ಹೋದವೋ, ಇಬ್ಬರೂ ಒಂದೇ ಸೂರಿನಡಿ ಮಾತಿಲ್ಲದೆ ಉಂಡರು.

ಮೊನ್ನೆ ಹೋದಾಗ ನಾನೂ ಮಾವನ ಹಿಂದೆ ಅಟ್ಟ ಹತ್ತಿದೆ. ಪಲ್ಲವಿ ಮುಗಿಯಿತು, ಹಾಡು ನಿಂತಿತು. ಮಾವ ಗಂಟಲು ಸರಿಮಾಡಿಕೊಂಡು ಕಾಯಿಗಳತ್ತ ತಿರುಗಿದ.

"ತಿಪಟೂರಲ್ಲಿ ರೇಡಿಯೋ ರಿಪೇರಿ ಮಾಡುಸ್ಕೊಂಡು ಸೈಕಲ್ನಲ್ಲಿ ಬತ್ತಾ ಇದ್ವಿ. ಇದೇ ಹಾಡು ಬತ್ತಿತ್ತು. ನನ್ ತಮ್ಮ ಸೈಕಲ್ ತಗೊಂಡೋಗಿ ಗುಂಡಿಗೆ ಇಳಿಸ್ದ. ನಾನು ಇದ್ದಿದ್ಕೆ ರೇಡಿಯೋ ಉಳೀತು."

"ಮಾವ, ನಂಗೆ ಮುಂಚೆ ನೀನು ಹೇಳಿದ್ದು ಉಲ್ಟಾ ಅಲ್ವಾ? ಗುಂಡಿಗೆ ಇಳಿಸಿದ್ದು..."

ಮಾವ ತುಟಿಯ ಮೇಲೆ ಬೆರಳಿಟ್ಟ. ಅವನ ಕಣ್ಣು ಅಟ್ಟದ ಆ ತುದಿಯಲ್ಲಿತ್ತು, ಚಿಕ್ಕ ಮಾವನ ಮನೆಯ ಕಡೆ. ಆಮೇಲೆ ಆ ಕಡೆ ಕೆಳಗಿನಿಂದ ಒಂದು ದನಿ ಎದ್ದಿತು.

"ಸುಳ್ಳು ಹೇಳ್ಬೇಡ ಕಣಣ್ಣ! ಕಣ್ಮುಚ್ಕೊಂಡು ಹಾಡ್ತಾ ಗುಂಡಿಗೆ ಇಳಿಸ್ದೋನು ನೀನು. ರೇಡಿಯೋ ತಬ್ಕೊಂಡು ಮೊಣಕೈ ತರುಚ್ಕೊಂಡೋನು ನಾನು. ಒಂದು ವರ್ಷದಿಂದ ಕೇಳ್ತಾ ಇವ್ನಿ, ಬರೀ ಸುಳ್ಳೇ ಹೇಳ್ತೀಯ!"

ಮಾವ ಹೆಗಲ ಟವಲ್ಲಿನಿಂದ ಕಣ್ಣೊರೆಸಿಕೊಂಡ.

"ಯಾಕಣ್ಣ ಹಾಡು ನಿಲ್ಲಿಸ್ದೆ?" ಕೆಳಗಿನ ದನಿ ಮೆತ್ತಗಾಗಿತ್ತು. "ಮುಂದಕ್ಕೆ ಹಾಕು. ಎಷ್ಟ್ ದಿನ ಅರ್ಧಕ್ಕೇ ಕೇಳ್ಲಿ?"

ಮಾವ ಮೊಬೈಲನ್ನು ನನ್ನ ಕೈಗೆ ಕೊಟ್ಟ, ಒತ್ತಿದವನು ನಾನು. ಚರಣ ಬಂತು. ಗೋಡೆಯಾಚೆಯಿಂದ ಚಿಕ್ಕ ಮಾವ ದನಿಗೂಡಿಸಿದ. ಶ್ರುತಿ ಎಲ್ಲೋ, ಅವನೆಲ್ಲೋ. ಮಾವ ಕೊನೆಯವರೆಗೂ ಬಾಯಿ ಬಿಡದೆ ಕೇಳಿದ.