ಒಗೆಯುವ ಕೋಣೆಯಿಂದ ಒಕ್ಕಲೆದ್ದ ವಾಷಿಂಗ್ ಮೆಷಿನ್ನಿನ ಕುರಿತು

ಇವರಿಗೆ,
ಶ್ರೀಮತಿ ಸ್ಫೂರ್ತಿ ಅವರು,
'ಒಪ್ಪ ಓರಣ' ಯೂಟ್ಯೂಬ್ ಚಾನೆಲ್ಲಿನ ಒಡತಿ.

ಇವರಿಂದ,
ನಗ್ಮಾ, ಕನ್ನಡ ಶಿಕ್ಷಕಿ,
ರಾಗಿಗುಡ್ಡ, ಶಿವಮೊಗ್ಗ.

ವಿಷಯ: ತಮ್ಮ ವಿಡಿಯೋ ನೋಡಿ ಬಟ್ಟೆ ಒಗೆಯುವ ಕೋಣೆಯನ್ನು ಚೆಂದ ಮಾಡಿಕೊಂಡ ಪರಿಣಾಮವಾಗಿ ಬಟ್ಟೆ ಒಗೆಯಲು ಜಾಗವಿಲ್ಲದಂತಾದ ಬಗ್ಗೆ.

ಮಾನ್ಯರೇ,

ತಮಗೂ, ತಮ್ಮ ಕ್ಯಾಮೆರಾ ಹಿಡಿಯುವವರಿಗೂ, ವಿಡಿಯೋ ಮುಗಿಯುವ ತನಕ ಕಿಟಕಿಯ ಮೇಲೆ ಮಿಸುಕಾಡದೆ ಕೂತಿರುವ ತಮ್ಮ ಬಿಳಿ ಬೆಕ್ಕಿಗೂ ನನ್ನ ಸವಿನಯ ವಂದನೆಗಳು. ದೂರು ಪತ್ರದಲ್ಲಿ ನೇರವಾಗಿ ವಿಷಯಕ್ಕೆ ಬರಬೇಕೆಂದು ಒಂಬತ್ತನೇ ತರಗತಿಯ ಮಕ್ಕಳಿಗೆ ಪ್ರತಿವರ್ಷ ಹೇಳುವವಳು ನಾನು. ಸುತ್ತಿ ಬಳಸಿ ಬರೆದವರ ಅಂಕವನ್ನು ಸಂತೋಷದಿಂದಲೇ ಕತ್ತರಿಸಿದವಳು. ಈಗ ನಾನೇ ಸುತ್ತಿ ಬಳಸಿ ಬರೆಯಬೇಕಾಗಿ ಬಂದಿದೆ. ದೂರು ಯಾರ ಮೇಲೆ ಎನ್ನುವುದು ಬರೆಯಲು ಕೂತ ಮೇಲೂ ಖಚಿತವಾಗದಿರುವುದು ಅದಕ್ಕೆ ಕಾರಣ.

ಅತ್ತೆ ಅಮೀನಾ ಬೀ ಅವರಿಂದಲೇ ಆರಂಭಿಸುತ್ತೇನೆ. ಮಾವ ಅಲ್ಲಾಬಕ್ಷ್ ಅವರು ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಕ್ರೇನ್ ಓಡಿಸುತ್ತಿದ್ದ ಕಾಲದಲ್ಲಿ ಅವರ ನೀಲಿ ಯೂನಿಫಾರ್ಮಿಗೆ ಹತ್ತಿದ ಗ್ರೀಸನ್ನು ಕಲ್ಲಿನ ಮೇಲೆ ಬಡಿದು ಓಡಿಸಿದ ಕೈಗಳು ಅವರವು. ತಂತಿಯ ಮೇಲೆ ಒಣಗುತ್ತಿರುವ ಬಟ್ಟೆ ನೋಡಿಯೇ ಇದು ಅಮೀನಾ ಬೀ ಮನೆಯದು ಎಂದು ಕ್ವಾರ್ಟರ್ಸಿನ ಹೆಂಗಸರು ಹೇಳುತ್ತಿದ್ದರಂತೆ. ಮಾವ ತೀರಿಕೊಂಡ ಮೇಲೆ ಅವರು ಶಿವಮೊಗ್ಗಕ್ಕೆ ನಮ್ಮ ಜೊತೆ ಬಂದರು. ಮನೆಯ ಮಿಕ್ಕೆಲ್ಲ ಅಧಿಕಾರವನ್ನು ನನಗೆ ಬಿಟ್ಟುಕೊಟ್ಟರೂ ಹಿತ್ತಲಿನ ಒಗೆಯುವ ಕಲ್ಲನ್ನು ಮಾತ್ರ ಬಿಡಲಿಲ್ಲ. ಕಳೆದ ವರ್ಷ ಅದೇ ಕಲ್ಲಿನ ಬಳಿ ಸೋಪಿನ ನೀರಿನಲ್ಲಿ ಕಾಲು ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಇನ್ನು ಬಗ್ಗುವ, ಕುಕ್ಕರಗಾಲಿನಲ್ಲಿ ಕೂರುವ ಕೆಲಸ ಜನ್ಮದಲ್ಲಿ ಬೇಡವೆಂದು ಡಾಕ್ಟರು ಹೇಳಿಬಿಟ್ಟರು.

ಆಗ ಮೆಷಿನ್ ತಂದೆವು. ಮಂಚದಿಂದಲೇ ಅದರ ಗುರಗುರ ಕೇಳಿಸಿಕೊಂಡ ಅತ್ತೆ, "ಇದು ಬಟ್ಟೆ ಒಗಿಯಲ್ಲ ಬೇಟಾ, ಬಟ್ಟೆಗೆ ತಲೆ ತಿರುಗೋ ಹಂಗೆ ಮಾಡತ್ತೆ ಅಷ್ಟೆ," ಅಂದರು. ಆಮೇಲೆ ಅವರಿಂದ ಮಾತು ಬರುವುದು ನಿಂತೇ ಹೋಯಿತು. ರೊಟ್ಟಿ ಅರ್ಧಕ್ಕೆ ಇಳಿಯಿತು. ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಇಳಿಹೊತ್ತಿನ ಅಸರ್ ನಮಾಜಿಗೆ ನಾವೇ ಎಬ್ಬಿಸಬೇಕು. ವಾರಕ್ಕೆರಡು ಸಲ ಬರುತ್ತಿದ್ದ ಫಿಸಿಯೋಥೆರಪಿಯ ಪ್ರಣವ ನನ್ನನ್ನು ಪಕ್ಕಕ್ಕೆ ಕರೆದು, "ಮೇಡಂ, ಮೂಳೆ ಕೂಡಿದೆ, ಕಾಲಲ್ಲಿ ಶಕ್ತಿನೂ ಇದೆ. ಆದ್ರೆ ಅಜ್ಜಿ ಮನಸ್ಸು ಮಾಡ್ತಿಲ್ಲ. ಹಿಂಗೇ ಇನ್ನೆರಡು ತಿಂಗಳು ಮಲಗಿದ್ರೆ ಮತ್ತೆ ಏಳಲ್ಲ," ಎಂದ. ನನ್ನ ಗಂಡ ಮುಸ್ತಕೀಮ್ ಆ ದಿನ ಗ್ಯಾರೇಜಿಗೆ ಹೋಗದೆ ಹಿತ್ತಲಲ್ಲಿ ಸುಮ್ಮನೆ ಕೂತಿದ್ದರು.

ಇಂಥ ದಿನಗಳಲ್ಲಿ ತಮ್ಮ ದರ್ಶನವಾಯಿತು, ಮಾನ್ಯರೇ. "ಹಳೇ ಪೀಠೋಪಕರಣಗಳಿಂದ ನಿಮ್ಮ ಬಟ್ಟೆ ಒಗೆಯುವ ಕೋಣೆಗೆ ಹೊಸ ಜೀವ" ಎಂಬ ಹದಿನೆಂಟು ನಿಮಿಷದ ವಿಡಿಯೋವನ್ನು ನಾನು ಉತ್ತರ ಪತ್ರಿಕೆ ತಿದ್ದುವುದನ್ನು ಬಿಟ್ಟು ಮೂರು ಸಲ ನೋಡಿದೆ. ನಮ್ಮ ಮೆಷಿನ್ ಇದ್ದದ್ದು ಹಿಂದುಗಡೆಯ ಸಾಮಾನು ಕೋಣೆಯಲ್ಲಿ. ಎಂಟು ಅಡಿಗೆ ಏಳಡಿ, ಒಂದೇ ಬಲ್ಬು. ಮನೆಯ ದುಃಖವನ್ನು ತೆಗೆಯಲಾಗದಿದ್ದರೆ ಆ ಕೋಣೆಯ ಜೇಡರಬಲೆಯನ್ನಾದರೂ ತೆಗೆಯೋಣ ಅನ್ನಿಸಿತು. "ಮನೆಯಲ್ಲೇ ಬಿದ್ದಿರುವ ಹಳೆಯ ತೇಗದ ಕನ್ನಡಿ ಮೇಜೊಂದನ್ನು ತೆಗೆದುಕೊಳ್ಳಿ" ಎಂದು ತಾವು ಅಪ್ಪಣೆ ಕೊಡಿಸಿದಿರಿ. ತಮ್ಮ ಮನೆಯಲ್ಲಿ ತೇಗದ ಮೇಜುಗಳು ಬಿದ್ದಿರುವ ಹಾಗೆ ನಮ್ಮ ಮನೆಯಲ್ಲಿ ಬಿದ್ದಿದ್ದದ್ದು ಎರಡು ರೇಡಿಯೇಟರ್, ಒಂದು ಗೇರ್ ಬಾಕ್ಸ್, ಐದು ಟೈರು. ಸವಳಂಗ ರಸ್ತೆಯಲ್ಲಿ ಲಾರಿ ರಿಪೇರಿ ಮಾಡುವವರ ಹೆಂಡತಿಗೆ ಇದಕ್ಕಿಂತ ನಾಜೂಕಾದ ಪೀಠೋಪಕರಣ ಒದಗುವುದಿಲ್ಲ.

ಆದರೂ ತಮ್ಮ ಮಾತನ್ನು ಮೀರಲಾದೀತೇ? ವಿಡಿಯೋವನ್ನು ಮುಸ್ತಕೀಮ್ ಅವರಿಗೂ ತೋರಿಸಿದೆ. ಅದೇ ನಾನು ಮಾಡಿದ ತಪ್ಪು. ನನಗೆ ಬೇಕಾಗಿದ್ದು ಒಂದು ಕಪಾಟು, ಒಂದು ಪರದೆ. ಅಮ್ಮನ ಮಂಚದ ಬಳಿ ಕೂತು ಏನೂ ಮಾಡಲಾಗದೆ ಒದ್ದಾಡುತ್ತಿದ್ದ ಆ ಮನುಷ್ಯನಿಗೆ ಕೈಗೊಂದು ಕೆಲಸ ಸಿಕ್ಕಿದ್ದೇ ತಡ, ಗೋಡೆ ಕೊರೆದು ಗುಜರಿ ಬಸ್ಸಿನ ಕಿಟಕಿಯೊಂದನ್ನು ಸರಿಯುವ ಗಾಜಿನ ಸಮೇತ ಕೂರಿಸಿದರು. ಹಳೆಯ ಬಿದಿರೇಣಿಯನ್ನು ಅಡ್ಡಲಾಗಿ ಸೂರಿಗೆ ತೂಗುಹಾಕಿ, ಎಂಜಿನ್ ಎತ್ತುವ ಸರಪಳಿಯಿಂದ ಅದು ಮೇಲೆ ಕೆಳಗೆ ಬರುವಂತೆ ಮಾಡಿದರು. ಈಗ ಅದರಲ್ಲಿ ಎರಡು ಲಂಗ ಒಣಹಾಕಿದರೆ ಯಾವುದೋ ಹಡಗಿನ ಸಾಮಾನು ಇಳಿಸಿದಷ್ಟು ಸದ್ದಾಗುತ್ತದೆ. ಬಣ್ಣ ಲಾರಿಗಳಿಗೆ ಬಳಿದು ಉಳಿದದ್ದು: ಕೆಳಗರ್ಧ ನೀಲಿ, ಮೇಲರ್ಧ ಹಳದಿ. "ಗೋಡೆಯ ಮೇಲೆ ಮನಸ್ಸಿಗೆ ಮುದ ನೀಡುವ ಒಂದು ಸಾಲನ್ನು ಬರೆಸಿ" ಎಂದಿದ್ದಿರಲ್ಲ, ಅದಕ್ಕೂ ಲಾರಿಗಳಿಗೆ ಅಕ್ಷರ ಬರೆಯುವ ಆರಿಫ್ ಬಂದ. ಅಭ್ಯಾಸ ಬಲದಿಂದ ಮೆಷಿನ್ನಿನ ಮೇಲಿನ ಗೋಡೆಗೆ "ಅಂತರ ಕಾಯ್ದುಕೊಳ್ಳಿ" ಎಂದು ಬರೆದು, ಎರಡೂ ಕಡೆ ಒಂದೊಂದು ಕಮಲ ಬಿಡಿಸಿ, ನನ್ನ ಮುಖ ನೋಡಿ, "ಕಾಗುಣಿತ ಸರಿ ಇದೆಯಲ್ಲ ಟೀಚರ್?" ಎಂದು ಕೇಳಿದ. ಸರಿಯಾಗಿಯೇ ಇತ್ತು.

ಸೋಪಿನ ಪುಡಿಯನ್ನು ಚೆಂದದ ಗಾಜಿನ ಭರಣಿಯಲ್ಲಿಡುವ ತಮ್ಮ ಸಲಹೆಯನ್ನೂ ಪಾಲಿಸಿದೆ. ಪಕ್ಕದ ಮನೆಯ ಕಲ್ಲಮ್ಮನವರು ಹಿತ್ತಲ ಬಾಗಿಲಿನಿಂದ ಬಂದು, ನಾನಿಲ್ಲದ್ದು ನೋಡಿ, ಸಲಿಗೆಯಿಂದ ಒಂದು ಲೋಟ "ಉಪ್ಪು" ಎತ್ತಿಕೊಂಡು ಹೋದರು. ಅವರ ಸಂಡಿಗೆ ಹಿಟ್ಟು ಪಾತ್ರೆಯಿಂದ ನೊರೆಯುಕ್ಕಿ ಒಲೆಯನ್ನು ತೊಳೆಯಿತು. ಯಾರೂ ತಿನ್ನಲಿಲ್ಲ ಎನ್ನುವುದನ್ನು ತಮ್ಮ ಸಮಾಧಾನಕ್ಕಾಗಿ ತಿಳಿಸುತ್ತಿದ್ದೇನೆ.

ಇನ್ನು ಮೇಜು. ಭದ್ರಾವತಿಯಲ್ಲಿ ಟೈಲರ್ ವೆಂಕಟಾಚಲ ಅವರು ಕಣ್ಣು ಮಂಜಾಯಿತೆಂದು ಅಂಗಡಿ ಮುಚ್ಚುತ್ತಿರುವ ಸುದ್ದಿ ಮುಸ್ತಕೀಮ್ ಅವರಿಗೆ ಸಿಕ್ಕಿತು. ಒಂದು ಭಾನುವಾರ ಗೂಡ್ಸ್ ಆಟೋ ಮಾಡಿಕೊಂಡು ಹೋದೆವು. ಬಟ್ಟೆ ಕತ್ತರಿಸುವ ಆಳುದ್ದದ ಮೇಜೊಂದು, ಗಿರಾಕಿಗಳು ಕೂರುತ್ತಿದ್ದ ಒರಗುಬೆನ್ನಿನ ಉದ್ದನೆಯ ಬೆಂಚೊಂದು. ವೆಂಕಟಾಚಲ ಅವರು ಬೆಂಚಿನ ಮೇಲೆ ಕೈಯಾಡಿಸಿ, "ತೊಗೊಂಡ್ ಹೋಗಪ್ಪ, ಸೌದೆಗೆ ಕೇಳೋರೇ ಜಾಸ್ತಿ. ನಿನ್ ಮನೇಲಾದ್ರೆ ಯಾರಾದ್ರೂ ಕೂತ್ಕೋತಾರೆ," ಎಂದು, ನಾವು ಆಟೋ ಹತ್ತುವವರೆಗೂ ಬಾಗಿಲಲ್ಲೇ ನಿಂತಿದ್ದರು.

ಬೆಂಚು ಹಿತ್ತಲ ಗೇಟಿನಲ್ಲಿ ಹಿಡಿಸಲಿಲ್ಲ. ಮುಂಬಾಗಿಲಿನಿಂದ ತಂದು, ನಡುಮನೆಯಲ್ಲಿ ಅತ್ತೆಯ ಮಂಚದ ಪಕ್ಕದಿಂದಲೇ ಸಾಗಿಸಬೇಕಾಯಿತು. ಗೋಡೆಯ ಕಡೆಗಿದ್ದ ಮುಖ ಈ ಕಡೆ ತಿರುಗಿತು. "ನಿಲ್ಲಿ! ಇದು ವೆಂಕಟಾಚಲನ ಬೆಂಚ್ ಅಲ್ವೇನೋ?" ಮೂರು ತಿಂಗಳಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದು. ಹೌದು ಅಮ್ಮಿ ಎಂದರು ಇವರು. "ಹಂಗಾದ್ರೆ ಹಿಂದ್ಗಡೆ ಕತ್ರಿ ಗುರುತು ಇರತ್ತೆ ನೋಡು. ನಿಮ್ಮಪ್ಪ ಈದ್‌ಗೆ ಷರ್ಟ್ ಹೊಲಿಸೋಕೆ ಹೋದಾಗ ನೀನೇ ಕೊರೆದು ಹಾಕಿದ್ದು. ಐದು ವರ್ಷ ನಿಂಗೆ. ಎಷ್ಟು ಬೈಸ್ಕೊಂಡೆ ನಾನು!" ನಲವತ್ತಾರು ವರ್ಷದ ನನ್ನ ಗಂಡ ಬೆಂಚಿನ ಹಿಂಬದಿಯನ್ನು ನೋಡಲೂ ಇಲ್ಲ. "ನಾನಲ್ಲ ಅಮ್ಮಿ, ಬೇರೆ ಯಾರೋ," ಎಂದು ಬೆಂಚನ್ನು ಒಳಗೆ ಸಾಗಿಸಿಬಿಟ್ಟರು.

ಆಮೇಲೆ ಆದದ್ದನ್ನು ನಾನು ಅಡುಗೆಮನೆಯ ಬಾಗಿಲಿನಿಂದ ನೋಡಿದೆ. ವಾಕರ್ ನೆಲಕ್ಕೆ ತಾಗಿದ ಸದ್ದು. ಅತ್ತೆ ಎದ್ದು ನಿಂತಿದ್ದರು. ಹಿಡಿಯಲು ಹೋದ ನನ್ನನ್ನು ಕಣ್ಣಲ್ಲೇ ತಡೆದರು. ನಡುಮನೆಯಿಂದ ಹಿಂದಿನ ಕೋಣೆಗೆ ಹತ್ತೊಂಬತ್ತು ಹೆಜ್ಜೆ. ನಡುವೆ ಒಮ್ಮೆ ಗೋಡೆಗೊರಗಿ ಸುಧಾರಿಸಿಕೊಂಡರು. ಒಳಗೆ ಹೋಗಿ ಬೆಂಚಿನ ಬೆನ್ನನ್ನು ಬೆರಳಿನಿಂದ ತಡವಿ, "ಸುಳ್ಳು ಹೇಳ್ತೀಯಾ ನಂಗೆ?" ಎಂದು ಮಗನ ಕಿವಿ ಹಿಡಿದರು. ಇವರು ನಗುತ್ತಿದ್ದರು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಕಿವಿಯ ನೋವಿಗೆ ಎಂದು ಈಗಲೂ ವಾದಿಸುತ್ತಾರೆ.

ಅತ್ತೆ ಬೆಂಚಿನ ಮೇಲೆ ಕೂತರು. ಪಕ್ಕದ ಬಸ್ ಕಿಟಕಿಯ ಗಾಜು ಸರಿಸಿದರು. ಆಚೆ ಎರಡು ಅಡಿ ದೂರದಲ್ಲಿ ಕಾಂಪೌಂಡ್ ಗೋಡೆ, ಗೋಡೆಯಾಚೆ ಕಲ್ಲಮ್ಮನವರ ತಲೆ. "ಅಯ್ಯೋ ಅಮೀನಮ್ಮ! ಇದೀಯಾ ಮಾರಾಯ್ತಿ?" ಎಂದು ಅವರು ಕೂಗಿದ್ದು ಬೀದಿಗೆಲ್ಲ ಕೇಳಿಸಿತು. "ಮೂರು ಸಲ ನೋಡಕ್ಕೆ ಬಂದೆ. ಪ್ರತಿ ಸಲನೂ ಮಲಗಿದಾರೆ, ಎಬ್ಬಿಸಬೇಡಿ ಅಂತ ನಗ್ಮಾ ಕಳಿಸಿಬಿಟ್ಲು."

ಅತ್ತೆ ನನ್ನನ್ನು ನೋಡಿದರು. ಕಳಿಸಿದ್ದು ನಿಜ. ರೋಗಿಗೆ ವಿಶ್ರಾಂತಿ ಬೇಕೆಂದು ಕಲ್ಲಮ್ಮನವರನ್ನಷ್ಟೇ ಅಲ್ಲ, ಬೀದಿಯವರನ್ನೆಲ್ಲ ಬಾಗಿಲಿನಿಂದಲೇ ವಿನಯವಾಗಿ ವಾಪಸು ಕಳಿಸಿದ್ದೆ. ಅತ್ತೆಯ ಕೊರಗು ಒಗೆಯುವ ಕಲ್ಲಿಗಾಗಿ ಎಂದೇ ತಿಳಿದಿದ್ದೆ. ಆ ಸಂಜೆ ಚಹಾ ಕೊಡುವಾಗ ತಡೆಯಲಾರದೆ, "ತಪ್ಪಾಯ್ತು ಅಮ್ಮಿ," ಅಂದೆ. ಅವರು ಲೋಟ ಪಕ್ಕಕ್ಕಿಟ್ಟು ಹೇಳಿದರು: "ಕಲ್ಲು ಯಾರಿಗೆ ಬೇಕಿತ್ತು ಬೇಟಾ? ಕಲ್ಲಿನ ಹತ್ರ ನಿಂತ್ರೆ ಯಾರಾದ್ರೂ ಕರೀತಿದ್ರು. ಮಲಗಿದ ಮೇಲೆ ಯಾರೂ ಕರೀಲಿಲ್ಲ. ಎಲ್ಲಾರೂ ಮರೆತ್ರು ಅಂದ್ಕೊಂಡೆ."

ಇಲ್ಲಿಗೇ ಮುಗಿದಿದ್ದರೆ ಇದು ಅಭಿನಂದನಾ ಪತ್ರವಾಗುತ್ತಿತ್ತು. ಆದರೆ ಮರುದಿನ ಕಲ್ಲಮ್ಮನವರು ತಮ್ಮ ಯಜಮಾನರ ಪಂಚೆ ಹಿಡಿದುಕೊಂಡು ಬಂದರು. ಅಡಿಕೆ ವ್ಯಾಪಾರದ ಏಕಾಂತಪ್ಪನವರ ಪಂಚೆಗೆ ಅಡಿಕೆ ಬೇಯಿಸಿದ ಕೆಂಪು ನೀರು, ಅಂದರೆ ಚೊಗರು, ತಾಗಿ, ತೊಳೆದಷ್ಟೂ ಕೆಂಪು ಉಳಿದಿತ್ತು. ಅತ್ತೆ ಬೆಂಚಿನಿಂದ ಏಳದೆ ಅದೇನನ್ನು ಹಚ್ಚಬೇಕು, ಎಷ್ಟು ಹೊತ್ತು ಬಿಡಬೇಕು ಎಂದು ಹೇಳಿಕೊಟ್ಟರು. ಕಲೆ ಹೋಯಿತು, ಸುದ್ದಿ ಹಬ್ಬಿತು. ಈಗ ಮಧ್ಯಾಹ್ನ ಎರಡಾಯಿತೆಂದರೆ ಬೀದಿಯ ಅರ್ಧ ಹೆಂಗಸರು ನಮ್ಮ ಕೋಣೆಯಲ್ಲಿ. ಒಬ್ಬರಿಗೆ ಅರಿಸಿನದ ಕಲೆ, ಒಬ್ಬರಿಗೆ ಗುಂಡಿ ಕಿತ್ತ ಕುಪ್ಪಸ, ಒಬ್ಬರಿಗೆ ಏನೂ ಇಲ್ಲ, ಬರೀ ಸೊಸೆಯ ವಿಚಾರ. ಬೆಂಚು ಸಾಲದೆ ನಮ್ಮ ಟೈರುಗಳಿಗೆ ಹಗ್ಗ ಸುತ್ತಿ ಕೂರುವ ಮೋಡಾ ಮಾಡಿಕೊಂಡಿದ್ದಾರೆ. ಅದೂ ತಮ್ಮದೇ ಇನ್ನೊಂದು ವಿಡಿಯೋದ ಪ್ರಸಾದ.

ಕಳೆದ ತಿಂಗಳು ಪ್ರಣವ ಬಂದಾಗ ಮಂಚ ಖಾಲಿಯಿತ್ತು. ಹುಡುಗ ಗಾಬರಿಯಾಗಿ, "ಪೇಷಂಟ್ ಎಲ್ಲಿ ಮೇಡಂ?" ಎಂದ. ಹಿಂದಿನ ಕೋಣೆಯಿಂದ, "ಇಲ್ಲಿ ಬಾ. ನಿನ್ನ ಕೋಟಿನ ಜೇಬಲ್ಲಿ ಇಂಕು ಸೋರಿದೆ, ಬಿಚ್ಚು ಅದನ್ನ," ಎಂದು ಪೇಷಂಟ್ ಉತ್ತರಿಸಿದರು. ಅವನು ಬನಿಯನ್ನಿನಲ್ಲಿ ಕೂತು ಮುಕ್ಕಾಲು ಗಂಟೆ ಕಾದ. ವ್ಯಾಯಾಮದ ಮಾತು ಎತ್ತಿದಾಗ ಅತ್ತೆ, ವಾಕರ್ ಇಲ್ಲದೆ ಬರೀ ಕೋಲು ಹಿಡಿದು, ಅವನ ಕೋಟನ್ನು ತಾವೇ ಅಂಗಳದ ತಂತಿಗೆ ಹಾಕಿ ಬಂದರು. ಇನ್ನು ತನ್ನ ಅಗತ್ಯವಿಲ್ಲ, ಮುಂದಿನ ವಾರದಿಂದ ಬರುವುದಿಲ್ಲವೆಂದು ಅವನು ಹೇಳಿ ಹೋದ. ಆದರೂ ಅಂಗಿ ಹಿಡಿದುಕೊಂಡು ಬರುತ್ತಿರುತ್ತಾನೆ.

ಕೊನೆಗೆ ಆ ಸಭೆಯಲ್ಲಿ ಮೆಷಿನ್ನಿನ ವಿರುದ್ಧ ನಿರ್ಣಯವಾಯಿತು. "ಆ ಡಬ್ಬಾ ಆಚೆ ಇಡು ನಗ್ಮಾ, ಒಬ್ಬರ ಮಾತೂ ಕೇಳ್ಸಲ್ಲ," ಎಂದರು ಅತ್ತೆ. ಮುಸ್ತಕೀಮ್ ಅದನ್ನು ಹೊತ್ತು ಅಂಗಳಕ್ಕೆ ಸಾಗಿಸಿ ಮೇಲೊಂದು ತಗಡು ಹೊದಿಸಿದರು. ಹೀಗಾಗಿ ಈ ಕ್ಷಣದಲ್ಲಿ, ತಮ್ಮ ಕೃಪೆಯಿಂದ ಜಿಲ್ಲೆಯಲ್ಲೇ ಸುಂದರವಾದ ಬಟ್ಟೆ ಒಗೆಯುವ ಕೋಣೆ ನಮ್ಮದು. ನಾನು ಮಾತ್ರ ಬಿಸಿಲಲ್ಲಿ ನಿಂತು ಬಟ್ಟೆ ಒಗೆಯುತ್ತಿದ್ದೇನೆ. ಮಡಿಸಬೇಕಾದ ರಾಶಿ ನನ್ನ ಹಾಸಿಗೆಯ ಮೇಲಿದೆ, ಉತ್ತರ ಪತ್ರಿಕೆಗಳು ಅದರಡಿಯಲ್ಲಿವೆ.

ಆದ್ದರಿಂದ ತಮ್ಮಲ್ಲಿ ಕಳಕಳಿಯ ಪ್ರಾರ್ಥನೆ ಏನೆಂದರೆ, ಚೆಂದದ ಕೋಣೆಯನ್ನು ಯಾರೂ ಕಾಲಿಡದಷ್ಟು ವಿಕಾರಗೊಳಿಸುವುದು ಹೇಗೆಂದು, ಮನೆಯಲ್ಲೇ ಸಿಗುವ ವಸ್ತುಗಳಿಂದ, ಹದಿನೆಂಟು ನಿಮಿಷದೊಳಗೆ ಹೇಳಿಕೊಡುವ ವಿಡಿಯೋವೊಂದನ್ನು ದಯಮಾಡಿ ಹೊರತರಬೇಕು. ಅದು ಆಗದಿದ್ದಲ್ಲಿ ತಾವೇ ಖುದ್ದಾಗಿ ಬಂದು, ನಗುವ ಹತ್ತು ಹೆಂಗಸರನ್ನು ಒಂದು ಬೆಂಚಿನಿಂದ ಎಬ್ಬಿಸುವ ಬಗೆಯನ್ನು ತೋರಿಸಿಕೊಡಬೇಕು. ಬರುವುದಾದರೆ ಮಧ್ಯಾಹ್ನ ಬನ್ನಿ. ಎಬ್ಬಿಸಲು ತಮ್ಮಿಂದಾಗದಿದ್ದರೆ ಒಬ್ಬರಿಗೆ ಕೂರುವಷ್ಟು ಜಾಗ ಸರಿದು ಕೊಡುತ್ತೇವೆ, ಚಹಾ ಇರುತ್ತದೆ.

ತಮ್ಮ ವಿಶ್ವಾಸಿ, ಸದ್ಯಕ್ಕೆ ಅಂಗಳವಾಸಿ,
ನಗ್ಮಾ

ಮರೆತ ಮಾತು: ಕೋಣೆಯಲ್ಲಿ ಎಲ್ಲರೂ ಸೇರಿ ತಮ್ಮ ವಿಡಿಯೋಗಳನ್ನು ಮೊದಲಿನಿಂದ ನೋಡುತ್ತಿದ್ದಾರೆ. ತಮ್ಮ ಹಿಂದಿನ ಕಪಾಟಿನಲ್ಲಿರುವ ಏಳು ಬಿಳಿ ಟವೆಲುಗಳು ಜನವರಿಯಿಂದ ಇಲ್ಲಿಯವರೆಗೆ ಒಂದು ಮಡಿಕೆಯೂ ಕದಲದೆ ಹಾಗೇ ಇರುವುದನ್ನು ಅತ್ತೆ ಪತ್ತೆ ಹಚ್ಚಿದ್ದಾರೆ. ತಮ್ಮ ಮನೆಯಲ್ಲಿ ಯಾರೂ ಸ್ನಾನ ಮಾಡುವುದಿಲ್ಲವೇ ಎಂದು ಬಹಳ ಕಾಳಜಿಯಿಂದ ವಿಚಾರಿಸಲು ಹೇಳಿದ್ದಾರೆ.